ರೊಟ್ಟಿ ಬಡಿಯುವ ಹೊತ್ತಿನ ಜ್ವರ

ಹೋದ ವಾರ ಮುಂಜಾನೆ ಕಾಲೇಜಿಗೆ ಹೊರಟವಳು ಬೀದರಿನ ಚಿದ್ರಿ ರಸ್ತೆಯಲ್ಲಿ ಕುರಿಗಳ ನಡುವೆ ಸಿಕ್ಕಿಕೊಂಡೆ. ರಾತ್ರಿಯೆಲ್ಲ ಮಳೆ ಸುರಿದು ಆಗಷ್ಟೇ ನಿಂತಿತ್ತು. ಎಲ್ಲಿಂದ ಬಂದವೋ, ದೊಡ್ಡ ಹಿಂಡು, ರಸ್ತೆ ತಮ್ಮಪ್ಪನದೇ ಎಂಬಂತೆ ನಡೆದಿದ್ದವು. ನನ್ನ ಹಿಂದಿನ ಆಟೋದವನು ಹಾರ್ನ್ ಒತ್ತಿದ್ದೇ ಒತ್ತಿದ್ದು. ಕುರಿ ಕಾಯುವವನು ಹೆಗಲ ಮೇಲೆ ಕೋಲು ಅಡ್ಡ ಇಟ್ಟುಕೊಂಡು ಮೊಬೈಲಿನಲ್ಲಿ ಯಾರಿಗೋ ಬಯ್ಯುತ್ತಾ ಆರಾಮಾಗಿ ಸಾಗಿದ್ದ. ತರಗತಿಗೆ ತಡವಾಗುತ್ತಿತ್ತು, ನನಗೂ ಸಿಟ್ಟು ಬರಬೇಕಿತ್ತು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆಂದು ಮನೆಯವರೆಲ್ಲ ಹೇಳುತ್ತಾರೆ. ಆದರೆ ಅವತ್ತು ಆ ಮೂಗಿಗೆ ಬಡಿದದ್ದು ತೊಯ್ದ ಉಣ್ಣೆಯ ವಾಸನೆ. ಉಣ್ಣೆ, ಹಿಕ್ಕೆ, ಹಸಿ ಹಾಲು ಎಲ್ಲ ಕಲೆತ ವಾಸನೆ... ಸ್ಕೂಟರ್ ಬಂದ್ ಮಾಡಿ ಕಾಲೂರಿ ನಿಂತುಬಿಟ್ಟೆ. ಜನ ಅದನ್ನು ಕುರಿಯ ವಾಸನೆ ಅನ್ನುತ್ತಾರೆ. ನನಗೆ ಅದು ಕಾಕಿಯ ವಾಸನೆ.

ಕಾಕಿ ಅಂದರೆ ನನ್ನ ಚಿಕ್ಕಪ್ಪನ ಹೆಂಡತಿಯಲ್ಲ. ಠಾಣಾ ಕುಶನೂರಿನಲ್ಲಿ ನಮ್ಮ ಪಕ್ಕದ ಮನೆಯಾಕೆ. ನಮ್ಮಪ್ಪ ಅಲ್ಲಿ ಸಾಲೆಯ ಮಾಸ್ತರರು. ಎರಡು ಮನೆಗಳ ನಡುವೆ ಒಂದು ಮೋಟು ಗೋಡೆ, ಗೋಡೆಯ ಆ ಕಡೆ ಕುರಿಗಳು, ಈ ಕಡೆ ನಮ್ಮ ಪುಸ್ತಕಗಳು. ನಾನು ಅಂಗಳದಲ್ಲಿ ಓದುತ್ತಾ ಕೂತರೆ ಆಕೆ ಗೋಡೆಯ ಮೇಲಿಂದ ಇಣುಕಿ, ಇಷ್ಟು ಮೇಯಿಸುತ್ತೀಯಲ್ಲ, ಈ ಪುಸ್ತಕ ಯಾವಾಗ ಈಯುತ್ತದೆ ಅಂತ ಕೇಳುತ್ತಿದ್ದಳು. ಎತ್ತರದ ಆಳು, ಜೋರು ಬಾಯಿ, ಗಂಡಸರಂತೆ ದೊಡ್ಡ ಹೆಜ್ಜೆ. ನಾನು ಎಂ.ಎಸ್ಸಿ. ಮುಗಿಸಿ ಬೀದರಿನ ಕಾಲೇಜೊಂದಕ್ಕೆ ಜೀವಶಾಸ್ತ್ರ ಹೇಳಲು ಸೇರಿದ ಮೇಲೂ ಆಕೆಗೆ ನಾನು ‘ಪೋರಿ’ಯೇ. ಮನೆಯಲ್ಲಿ ಅತ್ತೆ, ಹಿಂಡಿನ ಹಿಂದೆಯೇ ವರ್ಷದ ಬಹುಪಾಲು ತಿರುಗುವ ಮಾತು ಕಡಿಮೆಯ ಗಂಡ, ಒಬ್ಬಳೇ ಮಗಳು. ಆ ಮಗಳ ಮೇಲೆ ಕಾಕಿಗೆ ಇದ್ದ ಜೀವ ಎಷ್ಟೆಂದರೆ, ಅವಳನ್ನು ಬಯ್ಯುವಾಗಲೂ ತಲೆ ನೇವರಿಸುತ್ತಲೇ ಬಯ್ಯುತ್ತಿದ್ದಳು.

ಊರಿನಲ್ಲಿ ಕಾಕಿಯ ಕೈಗುಣ ದೊಡ್ಡ ಮಾತಾಗಿತ್ತು. ಯಾರ ಕುರಿ ಈಯಲು ತ್ರಾಸು ಪಟ್ಟರೂ ಆಕೆಗೇ ಕರೆ. ಸೆರಗು ಕಟ್ಟಿಕೊಂಡು, ಬಳೆ ಹಿಂದಕ್ಕೆ ಸರಿಸಿ, ಬರಿಗೈಯನ್ನೇ ಒಳಗೆ ಹಾಕಿ ಅಡ್ಡ ಬಿದ್ದ ಮರಿಯನ್ನು ಮೆಲ್ಲಗೆ ತಿರುಗಿಸಿ ಎಳೆಯುತ್ತಿದ್ದಳು. ಮರಿ ಉಸಿರಾಡದಿದ್ದರೆ ಅದರ ಮೂಗಿಗೆ ತನ್ನ ಬಾಯಿಯನ್ನೇ ಹಚ್ಚಿ ಊದುತ್ತಿದ್ದಳು. ಒಂದು ಗಳಿಗೆಗೆ ಅದು ಸೀನಿ ತಲೆ ಕೊಡವಿತೆಂದರೆ ಅವಳ ಮುಖ ನೋಡಬೇಕಿತ್ತು... ಆಮೇಲೆ ಕೈಯನ್ನು ಹುಲ್ಲಿಗೆ ಒರೆಸಿ ಅದೇ ಕೈಯಲ್ಲಿ ಚಹಾದ ಬಸಿ ಹಿಡಿಯುತ್ತಿದ್ದಳು. ಹಾಲನ್ನಂತೂ ಅವರ ಮನೆಯಲ್ಲಿ ಯಾರೂ ಕಾಯಿಸಿ ಕುಡಿದವರಲ್ಲ. ಉಕ್ಕಿ ಒಲೆಗೆ ಬಿದ್ದರೆ ಅಲ್ಲಿ ಹಟ್ಟಿಯಲ್ಲಿ ಕುರಿಯ ಕೆಚ್ಚಲು ಸುಡುತ್ತದೆ ಅಂತ ಆಕೆಯ ನಂಬಿಕೆ. ಕರೆದ ಹಾಲನ್ನು ಬಿಸಿ ಆರುವ ಮೊದಲೇ ನೊರೆಸಮೇತ ಕುಡಿಯಬೇಕು. ನಾನು ಕಾಯಿಸಿ ಕುಡಿಯುತ್ತೇನೆಂದರೆ, ಮಾಸ್ತರ ಮಗಳ ಹೊಟ್ಟೆ ನಾಜೂಕು ಅಂತ ಓಣಿಗೆಲ್ಲ ಕೇಳುವ ಹಾಗೆ ನಗುತ್ತಿದ್ದಳು.

ಒಂದು ಚಳಿಗಾಲ ಅವರ ಹಿಂಡಿನಲ್ಲಿ ತುಂಬು ಗಬ್ಬದ ಕುರಿಗಳು ಒಂದರ ಹಿಂದೆ ಒಂದು ಕಂದು ಹಾಕತೊಡಗಿದವು. ದಿನ ತುಂಬದ ಸತ್ತ ಮರಿಗಳು. ದೃಷ್ಟಿ ಬಿದ್ದಿದೆ ಅಂದರು, ಮೇವಿನಲ್ಲಿ ಏನೋ ಬಂದಿದೆ ಅಂದರು. ಹಟ್ಟಿಗೆ ಬೇವಿನ ತೋರಣ ಬಿತ್ತು, ಲೋಬಾನದ ಹೊಗೆ ಆಯಿತು. ಕಾಕಿ ಮಾತ್ರ ಹಟ್ಟಿ ಬಿಟ್ಟು ಕದಲಲಿಲ್ಲ. ಸತ್ತ ಮರಿಗಳನ್ನು, ಅವುಗಳ ಮಾಸನ್ನು ಬರಿಗೈಯಲ್ಲಿ ಬಳಿದು ಉಡಿಯಲ್ಲಿ ಹಾಕಿಕೊಂಡು ಹೊಲದ ಅಂಚಿಗೆ ಹೋಗಿ ಹೂಳಿ ಬರುತ್ತಿದ್ದಳು. ಒಂದು ಮರಿ ಮಾತ್ರ ಜೀವ ಇಟ್ಟುಕೊಂಡೇ ಬಿದ್ದಿತ್ತು. ಅದರ ಮೂಗಿಗೆ ಬಾಯಿ ಹಚ್ಚಿ ಆಕೆ ಊದಿಯೇ ಊದಿದಳು. ಅದು ಸೀನಲಿಲ್ಲ. ಆವತ್ತು ಗೋಡೆಗೆ ಒರಗಿ ಆಕೆ ಅತ್ತದ್ದನ್ನು ನೋಡಿದೆ. ಅಷ್ಟು ಜೋರು ಬಾಯಿಯ ಹೆಂಗಸು ಇಷ್ಟು ಸದ್ದಿಲ್ಲದೆ ಅಳುತ್ತಾಳೆಂದು ನನಗೆ ಗೊತ್ತಿರಲಿಲ್ಲ.

ಅದಾದ ಸ್ವಲ್ಪ ದಿನಕ್ಕೆ ಕಾಕಿಗೆ ಜ್ವರ ಶುರುವಾಯಿತು. ವಿಚಿತ್ರ ಜ್ವರ. ಮುಂಜಾನೆ ಏಳುವಾಗ ಮೈ ತಣ್ಣಗೆ, ಹಗಲೆಲ್ಲ ಕೆಲಸ, ಹೊತ್ತು ಇಳಿಯುತ್ತಿದ್ದಂತೆ ನಡುಕ. ಆಮೇಲೆ ಮೈ ಕಾದು, ಕುಪ್ಪಸ ಹಿಂಡಿದರೆ ನೀರು ಬರುವಷ್ಟು ಬೆವರು. ನಡು, ಮೊಣಕಾಲು, ಬೆನ್ನುಮೂಳೆ ಎಲ್ಲ ಹಿಡಿದುಕೊಳ್ಳುತ್ತಿತ್ತು. ಕೆಲವು ದಿನ ಬರುವುದು, ಹೋಗಿಯೇ ಹೋಯಿತು ಅನ್ನುವಷ್ಟರಲ್ಲಿ ಮತ್ತೆ ಹಾಜರು. ನಮ್ಮ ಕಡೆ ಕಾಯಿಲೆಯವರು ಅಂದರೆ ಹಾಸಿಗೆ ಹಿಡಿದು ಮಲಗಬೇಕು, ನರಳಬೇಕು, ನೋಡಲು ಬಂದವರಿಗೆ ಕೈ ಮುಗಿಯಬೇಕು. ಹಗಲು ಮೇವಿನ ಹೊರೆ ಹೊತ್ತವಳಿಗೆ ಸಂಜೆ ಜ್ವರ ಬಂದರೆ ನಂಬುವವರು ಯಾರು?

ಅತ್ತೆಯಂತೂ ನಂಬಲೇ ಇಲ್ಲ. ಕಟ್ಟೆಯ ಮೇಲೆ ಕೂತು ಬಂದವರಿಗೆಲ್ಲ ಹೇಳುವಳು, “ಹಗಲೆಲ್ಲ ಹುಷಾರ್ ಇರ್ತಾಳ್ರಿ. ರೊಟ್ಟಿ ಬಡಿಯೋ ಹೊತ್ತಿಗಿ ಬರೋಬ್ಬರಿ ಜ್ವರ ಬರ್ತದ.”

ಓಣಿ ನಕ್ಕಿತು. ಆ ಮಾತು ಊರಲ್ಲಿ ಒಂದು ತಮಾಷೆಯೇ ಆಗಿಹೋಯಿತು. ಮಕ್ಕಳು ಸಾಲೆಗೆ ಹೋಗುವುದಿಲ್ಲ ಅಂತ ಹಟ ಮಾಡಿದರೂ ಕಾಕಿಯ ಜ್ವರ ಬಂದಿದೆ ಅನ್ನತೊಡಗಿದರು. ನನಗೆ ಈಗಲೂ ಆ ನಗೆ ನೆನಪಾದರೆ ಮೈ ಉರಿಯುತ್ತದೆ. ಮುದುಕಿ ಕೆಟ್ಟವಳೆಂದು ಹೇಳಲಾರೆ. ಆಕೆಯೂ ಹೆರಿಗೆಯಾದ ಹತ್ತೇ ದಿನಕ್ಕೆ ಹಿಂಡಿನ ಹಿಂದೆ ನಡೆದವಳು, ತನ್ನ ಜ್ವರವನ್ನು ಯಾರೂ ಕೇಳದೆ ಮುದುಕಿಯಾದವಳು. ಕಾಕಿಯೂ ಮೊದಮೊದಲು ಜೊತೆಗೆ ನಕ್ಕಳು. ಆಮೇಲೆ ಜ್ವರ ಬಂದದ್ದನ್ನೇ ಹೇಳುವುದು ಬಿಟ್ಟಳು. ನಡುಗುವ ಕೈಯಲ್ಲೇ ಹಿಟ್ಟು ನಾದುತ್ತಿದ್ದಳು.

ಊರಿನ ಡಾಕ್ಟರು ಸಲಾಯಿನ್ ಹಚ್ಚಿದರು. ಭಾಲ್ಕಿಯಲ್ಲಿ ಟೈಫಾಯ್ಡ್ ಅಂತ ಔಷಧಿ ಕೊಟ್ಟರು, ನಾಲ್ಕು ದಿನ ತಗ್ಗಿತು, ಮತ್ತೆ ಬಂತು. ದರ್ಗಾದಿಂದ ತಾಯತ ಬಂತು, ಅದನ್ನೂ ಕಟ್ಟಿಕೊಂಡಳು. ಕೊನೆಗೆ ಒಂದು ಶನಿವಾರ ನಾನೇ ಜಗಳ ಮಾಡಿ ಆಕೆಯನ್ನು ಬೀದರಿಗೆ ಕರೆತಂದೆ. ಅಲ್ಲಿನ ಡಾಕ್ಟರು ವಯಸ್ಸಾದವರು. ನಾಡಿ ಹಿಡಿಯುವ ಮೊದಲೇ ಏನು ಕೆಲಸ ಮಾಡುತ್ತೀಯಮ್ಮ ಅಂತ ಕೇಳಿದರು. ಕುರಿ ಅಂದಳು. ಈ ವರ್ಷ ಕಂದು ಹಾಕಿದವೇನು ಅಂದರು. ಕಾಕಿ ನನ್ನ ಮುಖ ನೋಡಿದಳು, ಈ ಮನುಷ್ಯನಿಗೆ ನಮ್ಮ ಹಟ್ಟಿಯ ಸುದ್ದಿ ಯಾರು ಹೇಳಿದರು ಅನ್ನುವ ಹಾಗೆ. ರಕ್ತಪರೀಕ್ಷೆಯಲ್ಲಿ ಬ್ರುಸೆಲ್ಲಾ ಅಂತ ಬಂತು. ಕುರಿ, ಮೇಕೆಗಳಿಗೆ ಕಂದು ಹಾಕಿಸುವ ಅದೇ ಬ್ಯಾಕ್ಟೀರಿಯಾ. ಸತ್ತ ಮರಿಯ ಮಾಸಿನಿಂದ, ಹಸಿ ಹಾಲಿನಿಂದ, ಮರಿಯ ಮೂಗಿಗೆ ಊದಿದ ಬಾಯಿಯಿಂದ... ಎಲ್ಲ ದಾರಿಗಳನ್ನೂ ಕಾಕಿ ತೆರೆದಿಟ್ಟಿದ್ದಳು. ಯಾವ ಕೈಗುಣಕ್ಕೆ ಊರು ಆಕೆಯನ್ನು ಕರೆಯುತ್ತಿತ್ತೋ ಅದೇ ಕೈಯಿಂದ ಅದು ಒಳಗೆ ಬಂದಿತ್ತು.

ಡಾಕ್ಟರು ಎರಡು ಬಗೆಯ ಗುಳಿಗೆ ಬರೆದರು. ಒಂದು ಇಟ್ಟಿಗೆ ಕೆಂಪಿನ ಕ್ಯಾಪ್ಸೂಲು. ತಿಂಗಳು ಮೀರಿ ಇನ್ನೂ ಅರ್ಧ ತಿಂಗಳು, ಒಂದು ದಿನವೂ ತಪ್ಪಿಸುವ ಹಾಗಿಲ್ಲ. ಜ್ವರ ಬೇಗ ಹೋಗುತ್ತದೆ, ಆದರೆ ಹುಳ ಹೋಗಿರುವುದಿಲ್ಲ, ನಡುವೆ ಬಿಟ್ಟರೆ ಮತ್ತೆ ಬರುತ್ತದೆ, ಆಮೇಲೆ ಬಂದದ್ದು ಎಲ್ಲಿ ಕೂರುತ್ತದೆಂದು ಹೇಳಲಾಗದು ಅಂದರು. ಮೂತ್ರ, ಬೆವರು, ಕಣ್ಣೀರು ಸಹ ಕೆಂಪಾಗಬಹುದು, ಹೆದರಬೇಡ ಅಂತಲೂ ಹೇಳಿದರು.

ಊರಿಗೆ ಮರಳುವ ಔರಾದಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಕಾಕಿ ಗುಳಿಗೆಯ ಪಾಕೀಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಆಮೇಲೆ ಕೇಳಿದಳು, ಮೈಗೆ ಬಂದ ರೋಗವನ್ನು ಮೈಯೇ ಹೊಡೆಯುತ್ತದೆ ಅಂತ ನೀನೇ ಹೇಳುತ್ತಿದ್ದೆ, ನನ್ನ ಮೈಗೆ ಏನು ಧಾಡಿ ಬಂದಿದೆ ಅಂತ. ನನಗೆ ಅಷ್ಟೇ ಸಾಕಾಯಿತು. ಹೊಸ ಲೆಕ್ಚರರ್ ಬೇರೆ. ನಮ್ಮ ಮೈಯಲ್ಲಿ ಹುಳಗಳನ್ನು ನುಂಗಿ ಅರಗಿಸುವ ಕಣಗಳಿವೆ, ಅವು ಭಕ್ಷಕ ಕಣಗಳು ಅಂದೆ. ಬೇರೆ ಹುಳಗಳನ್ನು ಅವು ನುಂಗಿ ಮುಗಿಸಿಬಿಡುತ್ತವೆ. ಇದು ಮಾತ್ರ ನುಂಗಿಸಿಕೊಂಡ ಮೇಲೆ ಸಾಯುವುದಿಲ್ಲ, ನುಂಗಿದವನ ಹೊಟ್ಟೆಯಲ್ಲೇ ಮನೆ ಮಾಡಿಕೊಂಡು ಅಲ್ಲೇ ಮರಿ ಹಾಕುತ್ತದೆ. ರಕ್ತದಲ್ಲಿ ಪ್ರತಿಕಾಯ ಅಂತ ಕಾವಲಿನವು ತಿರುಗುತ್ತಿರುತ್ತವೆ, ಹೊರಗೆ ಸಿಕ್ಕಿದ ಹುಳವನ್ನು ಅವು ಹಿಡಿಯುತ್ತವೆ, ಕಣದ ಒಳಗೆ ಕೂತದ್ದು ಅವಕ್ಕೆ ಕಾಣುವುದೇ ಇಲ್ಲ.

ಕಾಕಿ ಗಮನವಿಟ್ಟು ಕೇಳಿದಳು. “ತ್ವಾಳ ಹಟ್ಟಿ ಒಳಗೇ ಹೊಕ್ಕೊಂಡು ಕುಂತದ ಅನ್ನು. ನಾಯಿ ಹೊರಗ ತಿರಗಾಡಿ ಏನ್ ಮಾಡ್ತದ?”

ಹಾಗೇ ಅಂದೆ. ಆದರೆ ಮೈಗೆ ಇನ್ನೊಂದು ಉಪಾಯ ಗೊತ್ತು. ಒಳಗೆ ಹುಳ ಹೊಕ್ಕ ಕಣ, ಆ ಹುಳದ ಒಂದು ಚೂರನ್ನು ತನ್ನ ಮೈಮೇಲೆ ಎತ್ತಿ ತೋರಿಸುತ್ತದೆ. ಟಿ ಕಣಗಳು ಅಂತ ಇರುತ್ತವೆ. ಆ ಚೂರನ್ನು ಗುರುತಿಸಲು ಅವು ಕಲಿಯಬೇಕು, ಕಲಿಯಲು ದಿನ ಹಿಡಿಯುತ್ತದೆ. ಕಲಿತ ಮೇಲೆ ಕೆಲವು ಬಂದು ಭಕ್ಷಕ ಕಣಕ್ಕೆ ಎಚ್ಚರ ಕೊಡುತ್ತವೆ, ಎದ್ದೇಳು, ನಿನ್ನ ಹೊಟ್ಟೆಯೊಳಗಿನದನ್ನು ಸುಡು ಅಂತ. ಇನ್ನು ಕೆಲವು ಹುಳದ ಸಮೇತ ಆ ಕಣವನ್ನೇ ಕೊಂದುಬಿಡುತ್ತವೆ. ನಿನ್ನ ಸಂಜೆಯ ಜ್ವರ ಇದೆಯಲ್ಲ, ಅದು ಈ ಹೊಡೆದಾಟದ ಕಾವು. ಮೈ ಹೊಡೆಯುತ್ತಲೇ ಇದೆ, ಅದೊಂದೇ ಸಾಲುತ್ತಿಲ್ಲ, ಅದಕ್ಕೇ ಕಣದೊಳಗೆ ಹೋಗುವ ಈ ಗುಳಿಗೆ. ಇಷ್ಟು ಹೇಳಿ ನಾನು ಹೆಮ್ಮೆಯಿಂದ ಆಕೆಯ ಮುಖ ನೋಡಿದೆ.

“ಅಂದ್ರ ಒಳಗ ತ್ವಾಳ ಹೊಕ್ಕ ಕುರಿ ತಾನೇ ಒದರಬೇಕು,” ಅಂದಳು ಕಾಕಿ. ಸ್ವಲ್ಪ ತಡೆದು, “ಒದರಿದ್ರ ಕೇಳವ್ರು ಬೇಕಲ್ಲ, ಪೋರಿ.”

ಆಮೇಲೆ ಕಿಟಕಿಯ ಕಡೆ ಮುಖ ತಿರುಗಿಸಿದಳು. ತೊಗರಿ ಹೊಲಗಳು ಹಿಂದೆ ಹಿಂದೆ ಹೋಗುತ್ತಿದ್ದವು.

ಗುಳಿಗೆ ಕೆಲಸ ಮಾಡಿತು. ಮುಂದಿನ ಶನಿವಾರಗಳಲ್ಲಿ ಊರಿಗೆ ಹೋದಾಗ ಜ್ವರ ಬಿಟ್ಟಿತ್ತು, ನಡು ನೆಟ್ಟಗಾಗಿತ್ತು. ಕಾಕಿ ಮತ್ತೆ ಗೋಡೆಯ ಮೇಲಿಂದ ಇಣುಕಿ ನನ್ನನ್ನು ಕಾಡತೊಡಗಿದ್ದಳು. ಹಾಲು ಕಾಯಿಸುವುದಕ್ಕೂ ಒಪ್ಪಿದ್ದಳು, ಉಕ್ಕದ ಹಾಗೆ ಒಲೆಯ ಮುಂದೆಯೇ ಕೂತು ಕಾಯುತ್ತಿದ್ದಳು. ಅದೇ ಹೊತ್ತಿಗೆ ಮಗಳಿಗೆ ಭಾಲ್ಕಿಯ ಸಂಬಂಧ ಕೂಡಿಬಂತು. ಹುಡುಗನಿಗೆ ಪಂಪು, ಮೋಟಾರು ರಿಪೇರಿಯ ಸಣ್ಣ ಅಂಗಡಿ, ಕುಡಿತ ಇಲ್ಲ, ಚಟ ಇಲ್ಲ. ತಂದೆಯಿಲ್ಲದ ಹುಡುಗನಾದ್ದರಿಂದ ಎಲ್ಲ ಮಾತೂ ಅವನ ಸೋದರಮಾವನದು, ಬಜಾರಿನಲ್ಲಿ ಬೇಳೆಕಾಳಿನ ವ್ಯಾಪಾರಿ, ದೊಡ್ಡ ರುಮಾಲಿನ ಮನುಷ್ಯ. ಹಿಂಡಿನ ಹಿಂದೆ ತಿರುಗದೆ ಪೇಟೆಯಲ್ಲಿ ನೆಲೆ ನಿಲ್ಲುವ ಮನೆ ಮಗಳಿಗೆ ಸಿಕ್ಕಿತೆಂದು ಕಾಕಿ ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ನಮ್ಮ ಊರಲ್ಲಿ ಕೆಂಪು ಕ್ಯಾಪ್ಸೂಲನ್ನು ಎಲ್ಲರೂ ನೋಡಿದ್ದರು. ಕೆಳಗಿನ ಓಣಿಯ ಒಬ್ಬನಿಗೆ ಟಿ.ಬಿ. ಆಗಿ ಅದನ್ನೇ ನುಂಗುತ್ತಿದ್ದ. ಅದರಲ್ಲಿ ಸುಳ್ಳೇನೂ ಇಲ್ಲ. ಟಿ.ಬಿ.ಯ ಹುಳವೂ ಹೀಗೇ ಭಕ್ಷಕ ಕಣದ ಒಳಗೇ ಅಡಗಿ ಕೂರುವಂಥದು, ಅಲ್ಲಿಗೆ ತಲುಪುವ ಔಷಧಿ ಎರಡಕ್ಕೂ ಆಗುತ್ತದೆ. ಆದರೆ ಇದನ್ನು ಕಟ್ಟೆಯ ಮೇಲೆ ಕೂತವರಿಗೆ ಬಿಡಿಸಿ ಹೇಳುವವರು ಯಾರು? ಮೊದಲು ಅತ್ತೆ ಬಚ್ಚಲಿನಲ್ಲಿ ಕೆಂಪು ನೀರು ನೋಡಿ ಹೆದರಿ ಬಾಯಿಬಿಟ್ಟಳು. ಹಾಗೇ ಓಣಿಗೆ ಸುದ್ದಿಯಾಯಿತು. ಸಂಜೆಯ ಜ್ವರ ಯಾರೂ ನಂಬದಿದ್ದ ಹೆಂಗಸಿಗೆ ಟಿ.ಬಿ. ಇದೆ ಅಂದರೆ ಊರು ಒಂದೇ ಮಾತಿಗೆ ನಂಬಿತು.

ಭಾಲ್ಕಿಯ ಮಾವ ಲಗ್ನದ ಕೊಡುಕೊಳ್ಳುವುದರ ಯಾದಿ ಮಾಡುವ ದಿನ ಗೊತ್ತುಮಾಡಲು ಬಂದವನು ಚಹಾ ಕುಡಿದು, ಹೋಗುವಾಗ ಕಿಟಕಿಯಲ್ಲಿದ್ದ ಖಾಲಿ ಗುಳಿಗೆಯ ಪಾಕೀಟನ್ನು ಜೇಬಿಗೆ ಹಾಕಿಕೊಂಡು ಹೋದ. ಭಾಲ್ಕಿಯ ಔಷಧಿ ಅಂಗಡಿಯೊಂದರಲ್ಲಿ ತೋರಿಸಿದ್ದಾನೆ. ಅಂಗಡಿಯವನು ಪಾಪ, ಇದು ಟಿ.ಬಿ.ಯವರು ತಗೊಳ್ಳುವುದು ಅಂತ ಇದ್ದದ್ದನ್ನು ಹೇಳಿದ್ದಾನೆ. ಮರುವಾರ ಭಾಲ್ಕಿಯಿಂದ ಮಾತು ಬಂತು, ತಾಯಿಗೆ ಅಂಥ ಬ್ಯಾನಿ ಇದ್ದರೆ ಈ ಸಂಬಂಧ ನಮಗೆ ಆಗುವುದಿಲ್ಲ ಅಂತ.

ನಾನು ಡಾಕ್ಟರ ಚೀಟಿ ಹಿಡಿದು ನಮ್ಮಪ್ಪನೊಂದಿಗೆ ಭಾಲ್ಕಿಗೆ ಹೋದೆ. ಮಾವ ಮರ್ಯಾದೆಯಿಂದಲೇ ಕೂರಿಸಿದ, ಎಲ್ಲ ಕೇಳಿದ. ಬೇರೆ ರೋಗವಾದರೆ ಅದೇ ಗುಳಿಗೆ ಯಾಕೆ ಅಂತ ಒಂದೇ ಪ್ರಶ್ನೆ ಕೇಳಿದ. ನಾನು ಕಣ, ಭಕ್ಷಕ ಕಣ ಅಂತ ಬಿಡಿಸುತ್ತಾ ಹೋದಂತೆ ಅವನ ಮುಖ ಇನ್ನಷ್ಟು ಗಟ್ಟಿಯಾಯಿತು. ಎರಡೂ ಒಂದೇ ಕಡೆ ಅಡಗುತ್ತವೆ ಅಂದರೆ ಎರಡೂ ಒಂದೇ ಅಂತ ಅವನು ತಿಳಿದ. ಕೊನೆಗೆ ಹೇಳಿದ, ಆಯಿತು, ಗುಳಿಗೆ ನಿಲ್ಲಿಸಿದ ಮೇಲೂ ಆಕೆ ಹುಷಾರಾಗಿದ್ದರೆ ನಾವು ಲಗ್ನಕ್ಕೆ ತಯಾರು. ನೋಡಲಿಕ್ಕೆ ನಮ್ಮ ಅಕ್ಕ, ಹುಡುಗನ ತಾಯಿ, ಬಂದು ನಾಲ್ಕು ದಿನ ನಿಮ್ಮೂರಲ್ಲಿ ಇರುತ್ತಾಳೆ.

ನಾನು ಅಲ್ಲಿಂದ ಬರುವಾಗಲೇ ನಿರ್ಧರಿಸಿದ್ದೆ, ಈ ಮಾತನ್ನು ಕಾಕಿಗೆ ಮುಟ್ಟಿಸುವುದೇ ಇಲ್ಲ ಅಂತ. ಮುಟ್ಟಿಸಬೇಕಾಗಿರಲಿಲ್ಲ, ನನಗಿಂತ ಮೊದಲೇ ಮುಟ್ಟಿತ್ತು. ನಾನು ಮನೆಗೆ ಹೋದಾಗ ಆಕೆ ಉಳಿದ ಗುಳಿಗೆಗಳನ್ನು ಬೂದಿಯ ಕುಂಡದಲ್ಲಿ ಹಾಕಿ ಕೈ ತೊಳೆಯುತ್ತಿದ್ದಳು. ಅರ್ಧ ಪಾಲು ಔಷಧಿ ಇನ್ನೂ ಬಾಕಿಯಿತ್ತು. ನಾನು ಕಿರುಚಾಡಿದೆ. ಲಗ್ನ ಮುಂದೂಡು ಅಂದೆ. ಅವರಿಗೆ ಸಬೂರಿ ಇಲ್ಲ ಅಂದಳು. ಕದ್ದು ನುಂಗು ಅಂದೆ. ಕಣ್ಣೀರೂ ಕೆಂಪಾಗುವ ಗುಳಿಗೆಯನ್ನು ಕದ್ದು ಹೇಗೆ ನುಂಗಲಿ, ಮಗಳನ್ನು ಕಳಿಸುವಾಗ ಅಳದೇ ಇರಲೇನು ಅಂತ ಕೇಳಿದಳು.

“ಗುಳಗಿ ನುಂಗಿದ್ರ ಆಕಿ ಮನ್ಯಾಗ ಕೂಡ್ತಾಳ. ನುಂಗಲಿಲ್ಲಂದ್ರ ತ್ರಾಸ ನನಗೊಬ್ಬಾಕಿಗೇ ಅಲ್ಲೇನು?” ಅಂದಳು. “ಲಗ್ನ ಆಗ್ಲಿ, ಆಮ್ಯಾಲ ನುಂಗ್ತೇನಿ. ಆಕಿಗಿ ಮಾತ್ರ ಹೇಳಬ್ಯಾಡ.”

ಮಗಳಿಗೆ ಕೋರ್ಸು ಮುಗಿಯಿತು ಅಂತ ಹೇಳಿದಳು. ಮಗಳು ನಂಬಿದಳು. ತಾಯಿ ನಗುತ್ತಾ ಓಡಾಡುತ್ತಿದ್ದಳು, ನಂಬದೆ ಏನು ಮಾಡುತ್ತಾಳೆ? ಬಂದು ಇದ್ದು ಹೋದ ಹುಡುಗನ ತಾಯಿಗೂ ಎಲ್ಲ ಸರಿಯಾಗಿಯೇ ಕಂಡಿತು. ಹುಳ ಕಣಗಳ ಒಳಗೆ ಸುಮ್ಮನೆ ಕೂತಿತ್ತು, ಅಷ್ಟೇ. ಅಂಥ ಹೊತ್ತಿನಲ್ಲಿ ಅದು ಯಾರ ಕಣ್ಣಿಗೂ ಬೀಳುವುದಿಲ್ಲ, ಹುಡುಕಲು ಬಂದ ಬೀಗಿತ್ತಿಯ ಕಣ್ಣಿಗಂತೂ ಇಲ್ಲವೇ ಇಲ್ಲ.

ಲಗ್ನ ಭಾಲ್ಕಿಯಲ್ಲಾಯಿತು. ಬೆಳಿಗ್ಗೆ ತಂಡಿ ಗಾಳಿ ಬೀಸುತ್ತಿತ್ತು, ಜನ ಶಾಲು ಹೊದ್ದು ಕೂತಿದ್ದರು. ಸಂಜೆ ಮಗಳನ್ನು ಒಪ್ಪಿಸುವ ಹೊತ್ತಿಗೆ ನಾನು ಕಾಕಿಯ ಪಕ್ಕದಲ್ಲೇ ನಿಂತಿದ್ದೆ. ಆಕೆಯ ಕೈ ಮುಟ್ಟಿದೆ, ಕೆಂಡದ ಹಾಗೆ ಸುಡುತ್ತಿತ್ತು. ಹಸಿರು ಕುಪ್ಪಸ ಬೆನ್ನಿಗೆ ಅಂಟಿತ್ತು. ಯಾರೋ ಬೀಗರ ಕಡೆಯವರು, ಮಗಳ ಲಗ್ನದ ಓಡಾಟದಲ್ಲಿ ಎಷ್ಟು ಬೆವೆತಿದ್ದಾಳೆ ನೋಡು ಅಂತ ಮೆಚ್ಚಿಕೊಂಡರು. ಕಾಕಿ ನನ್ನ ಕೈ ಗಟ್ಟಿಯಾಗಿ ಹಿಡಿದಳು, ಬಾಯಿ ತೆರೆಯಬೇಡ ಅನ್ನುವ ಹಾಗೆ. ನಾನು ತೆರೆಯಲಿಲ್ಲ...

ಆಮೇಲೆ ನುಂಗುತ್ತೇನೆ ಅಂದವಳಿಗೆ ಆಮೇಲೆ ಅನ್ನುವುದು ಕೂಡಿಬರಲೇ ಇಲ್ಲ. ಮೊದಲ ಹಬ್ಬಕ್ಕೆ ಮಗಳು, ಅಳಿಯ ಬರುತ್ತಾರೆ, ಬೀಗಿತ್ತಿ ಬರುತ್ತಾಳೆ, ಅವರ ಕಣ್ಣಿಗೆ ಬೀಳುತ್ತದೆ ಅಂತ ಒಂದು ಸಲ. ಹೊಲಗಳಲ್ಲಿ ಗೊಬ್ಬರಕ್ಕೆ ಕುರಿ ತರುಬುವ ಕಾಲ, ಗಂಡನೊಬ್ಬನಿಂದ ಆಗುವುದಿಲ್ಲ ಅಂತ ಇನ್ನೊಂದು ಸಲ. ನಾನು ಬೀದರಿನಿಂದ ಮತ್ತೆ ಗುಳಿಗೆ ತಂದುಕೊಟ್ಟರೂ ನಾಲ್ಕು ದಿನ ನುಂಗಿ ಬಿಡುವಳು. ಮಳೆಗಾಲದ ಹೊತ್ತಿಗೆ ಆಕೆಗೆ ಹತ್ತು ಹೆಜ್ಜೆ ನಡೆದರೆ ಏದುಸಿರು. ಬೀದರಿನ ದವಾಖಾನೆಗೆ ತಂದಾಗ ಅದೇ ವಯಸ್ಸಾದ ಡಾಕ್ಟರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಹುಳ ಹೃದಯದ ಕವಾಟದ ಮೇಲೆ ಕೂತಿದೆ ಅಂದರು. ನನ್ನ ಮೇಲೆ ಒಂದು ಮಾತೂ ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು. ಮುಂದೆ ಹೈದರಾಬಾದಿಗೆ ಒಯ್ಯುವ ಮಾತು ನಡೆಯುತ್ತಿರುವಾಗಲೇ ಕಾಕಿ ಹೋದಳು. ಊರಿನಲ್ಲಿ ಅತ್ತೆ ಕಟ್ಟೆಗೆ ಬಂದು ಕೂರುವುದನ್ನು ಬಿಟ್ಟಳು. ಕುರಿಗಳನ್ನು ಯಾರಿಗೋ ಕೊಟ್ಟರು. ಟೈಫಾಯ್ಡ್ ತಿರುಗಿ ಬಂದು ಹಾಗಾಯಿತು ಅಂತ ಮಗಳಿಗೆ ಹೇಳಿದರು, ನಾನೂ ತಲೆಯಾಡಿಸಿದೆ. ಕಾಕಿ ಹೇಳಬೇಡ ಅಂದಿದ್ದಳು.

ಈಗ ವರ್ಷಕ್ಕೊಮ್ಮೆ ಈ ಪಾಠ ಬರುತ್ತದೆ. ಭಕ್ಷಕ ಕಣದ ಚಿತ್ರ ಬರೆಯುತ್ತೇನೆ, ಒಳಗೆ ಹುಳಗಳ ಚುಕ್ಕೆ ಇಡುತ್ತೇನೆ, ಟಿ ಕಣ ಬಂದು ಎಚ್ಚರಿಸುವುದನ್ನು ಬಾಣದ ಗುರುತಿನಿಂದ ತೋರಿಸುತ್ತೇನೆ. ಮಕ್ಕಳು ಆಕಳಿಸುತ್ತಾ ಬರೆದುಕೊಳ್ಳುತ್ತಾರೆ. ಮೈಗೆ ಎಷ್ಟು ಬುದ್ಧಿಯಿದೆ, ಒಳಗಿನ ಒಂದು ಕಣ ಎತ್ತಿ ತೋರಿಸಿದ ಚೂರನ್ನು ಇನ್ನೊಂದು ಕಣ ಬಂದು ಓದುತ್ತದೆ ಅಂತ ಹೇಳುವಾಗ ಬೋರ್ಡಿನ ಕಡೆ ತಿರುಗಿಕೊಳ್ಳುತ್ತೇನೆ. ಚಾಕಿನ ಧೂಳಿನ ಮೇಲೆ ಹಾಕಿ ಕೆಮ್ಮುತ್ತೇನೆ.

ಚಿದ್ರಿ ರಸ್ತೆಯಲ್ಲಿ ಕುರಿಗಳು ಹಾದುಹೋದ ಆ ವಾರ ನನಗೆ ಯಾವುದರಲ್ಲೂ ಮನಸ್ಸು ನಿಲ್ಲಲಿಲ್ಲ. ಭಾನುವಾರ ರೈಲು ಹತ್ತಿ ಭಾಲ್ಕಿಗೆ, ಕಾಕಿಯ ಮಗಳ ಮನೆಗೆ ಹೋದೆ. ಅವಳಿಗೆ ಈಗ ಎರಡು ಮಕ್ಕಳು. ಗಂಡನ ಅಂಗಡಿ ದೊಡ್ಡದಾಗಿದೆ. ಮಾವ ತೀರಿಕೊಂಡಿದ್ದಾನೆ. ಉಂಡು ಕೂತಾಗ ಮಕ್ಕಳು ಗದ್ದಲ ಮಾಡುತ್ತಿದ್ದವು. ಅಳಿಯ ಅವನ್ನು ಹೊರಗೆ ಕಳಿಸಿ, ಬಹಳ ದಿನದಿಂದ ಕೇಳಬೇಕೆಂದಿದ್ದೆ ಅಂದ. ನಮ್ಮ ಅತ್ತೆಗೆ ಖರೇ ಅಂದರೆ ಏನಾಗಿತ್ತು? ಟೈಫಾಯ್ಡಿಗೆ ಅಂಥ ಗಟ್ಟಿ ಹೆಂಗಸು ಹೇಗೆ ಹೋದಳು?

ನಾನು ಕಾಕಿಯ ಮಗಳ ಮುಖ ನೋಡಿದೆ. ಅವಳು ಚಹಾದ ಕಪ್ಪುಗಳನ್ನು ತಟ್ಟೆಯಲ್ಲಿ ಕೂಡಿಸುತ್ತಿದ್ದಳು.

“ಹೇಳ್ರಿ ಅಕ್ಕ,” ಅಂದಳು. “ನನಗೂ ಗೊತ್ತಾಗ್ಲಿ.”

ಹೇಳಿದೆ. ಕಂದು ಹಾಕಿದ ಕುರಿಗಳಿಂದ ಹಿಡಿದು ಬೂದಿಯ ಕುಂಡದವರೆಗೆ ಎಲ್ಲ ಹೇಳಿದೆ. ಅಷ್ಟು ವರ್ಷ ಇಟ್ಟುಕೊಂಡಿದ್ದ ಮಾತು ಮುರಿಯುತ್ತಿದ್ದೇನೆಂಬ ಅಳುಕು ಮೊದಲು ಇತ್ತು, ಆಮೇಲೆ ಇರಲಿಲ್ಲ. ಅಳಿಯ ತಲೆ ತಗ್ಗಿಸಿ ಕೇಳುತ್ತಿದ್ದ.

“ಮಾಮಾ ನನಗ ಒಂದ್ ಮಾತ್ ಕೇಳಿಲ್ರಿ,” ಅಂದ. “ಕೇಳಿದ್ರ, ಟಿ.ಬಿ. ಇದ್ರೂ ನಡೀತದ ಅಂತಿದ್ದೆ. ಈಕಿ ನನ್ನ ಮನಸಿಗಿ ಬಂದಿದ್ದಳು.”

ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ನಲ್ಲಿ ತಿರುಗಿಸಿದ ಸದ್ದು ಕೇಳಿತು. ಭಾಲ್ಕಿಗೆ ಹೋದ ದಿನ ನಾನೂ ನಮ್ಮಪ್ಪನೂ ಮಾವನ ಗಾದಿಯ ಮುಂದೆ ಕೂತು ಬಂದಿದ್ದೆವು. ಎರಡು ಗಲ್ಲಿ ದಾಟಿದರೆ ಇವನ ಅಂಗಡಿಯಿತ್ತು. ಹುಡುಗನನ್ನು ಕೇಳುವುದು ಯಾರಿಗೂ ಹೊಳೆಯಲಿಲ್ಲ, ಕಾಕಿಗೂ ಹೊಳೆಯಲಿಲ್ಲ. ನಮ್ಮ ಕಡೆ ಲಗ್ನದ ಮಾತು ಹಿರಿಯರದು, ಹಾಗೇ ನಡೆದುಕೊಂಡು ಬಂದಿದೆ.

“ಗುಳಗಿ ಪೂರಾ ತಗೊಂಡಿದ್ರ ಉಳೀತಿದ್ರೇನ್ರಿ?” ಅಂತ ಅವನು ಕೇಳಿದ.

ತರಗತಿಯಲ್ಲಿ ಯಾರಾದರೂ ಹೀಗೆ ಕೇಳಿದರೆ ನಾನು ಸರಳವಾಗಿ ಉತ್ತರ ಕೊಡುವುದಿಲ್ಲ. ಬಹುಪಾಲು ಜನ ಗುಣವಾಗುತ್ತಾರೆ, ಖಾತ್ರಿ ಹೇಳಲಾಗದು ಅಂತ ಸುತ್ತಿ ಬಳಸಿ ಹೇಳುತ್ತೇನೆ. ಅವನು ಕಾಯುತ್ತಿದ್ದ.

“ಉಳೀತಿದ್ದಳು,” ಅಂದೆ.

ಒಳಗೆ ನೀರು ಹರಿಯುತ್ತಲೇ ಇತ್ತು. ಯಾರೂ ಎದ್ದು ಹೋಗಿ ಬಂದ್ ಮಾಡಲಿಲ್ಲ.